‘ಮಾಡಿದೆ’ ಅಲ್ಲ, ‘ಮಾಡಿಸಿದೆ’: ಇದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

‘ಬೈಕ್ ಸರ್ವಿಸ್ ಮಾಡಿಸಿದೆ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು?’ ಓದುಗರಿಂದ ನನಗೆ ಇಷ್ಟು ಸಲ ಬಂದ ಪ್ರಶ್ನೆ ಇನ್ನೊಂದಿಲ್ಲ. ಬೈಕಿನ ಜಾಗದಲ್ಲಿ ಒಮ್ಮೆ ಬ್ಲೌಸ್ ಇರುತ್ತದೆ, ಇನ್ನೊಮ್ಮೆ ರಕ್ತ ಪರೀಕ್ಷೆ, ಮತ್ತೊಮ್ಮೆ ಮನೆಯ ಪೇಂಟಿಂಗ್. ತೊಡಕು ಮಾತ್ರ ಒಂದೇ. ಕೆಲಸ ಆಗಿದೆ, ಆದರೆ ಅದನ್ನು ಮಾಡಿದವರು ನಾವಲ್ಲ. ಕನ್ನಡದಲ್ಲಿ ‘ಮಾಡು’ಗೆ ಒಂದು ‘ಇಸು’ ಅಂಟಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಆ ‘ಇಸು’ ಎಲ್ಲಿದೆ ಅಂತ ಹುಡುಕುತ್ತಾ ಹುಡುಕುತ್ತಾ ಕೊನೆಗೆ ಸಿಗದೆ ‘ಐ ಡಿಡ್ ಮೈ ಐ ಆಪರೇಷನ್’ ಅಂದುಬಿಡುತ್ತೇವೆ. ಕೇಳಿದವರು ಗಾಬರಿಯಾಗುತ್ತಾರೆ, ಯಾಕೆಂದರೆ ಅದರ ಅರ್ಥ ನಿಮ್ಮ ಕಣ್ಣಿನ ಆಪರೇಷನ್ ನೀವೇ ಮಾಡಿಕೊಂಡಿರಿ ಅಂತ.

ಇಂಗ್ಲಿಷಿನಲ್ಲೂ ‘ಇಸು’ ಇದೆ. ಅದು ಕ್ರಿಯಾಪದಕ್ಕೆ ಅಂಟಿಕೊಂಡಿಲ್ಲ, ಅಷ್ಟೇ. ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೀರಿ ಅನ್ನುವುದರಲ್ಲಿ ಅಡಗಿ ಕೂತಿದೆ.

ಶುರು ಮಾಡುವ ಮೊದಲು ನಿಮ್ಮ ಹತ್ತಿರ ಎರಡು ಇರಬೇಕು. ಒಂದು, ಕ್ರಿಯಾಪದದ ಮೂರನೇ ರೂಪ. ಸ್ಕೂಲಿನಲ್ಲಿ ‘ಟೇಕ್, ಟುಕ್, ಟೇಕನ್’ ಅಂತ ಉರು ಹೊಡೆದಿದ್ದೇವಲ್ಲ, ಅದರಲ್ಲಿ ಕೊನೆಯದು. ಎರಡನೆಯದು ನಿಮ್ಮ ಕನ್ನಡದ ಕಿವಿ. ಅದನ್ನು ಯಾಕೆ ಹೇಳಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ವ್ಯಾಕರಣದ ಪುಸ್ತಕಗಳಲ್ಲಿ ಈ ಪಾಠಕ್ಕೆ ‘ಕಾಸೇಟಿವ್’ ಅನ್ನುವ ಹೆಸರಿರುತ್ತದೆ. ನಮ್ಮ ವ್ಯಾಕರಣದವರು ಪ್ರೇರಣಾರ್ಥಕ ಅನ್ನುತ್ತಾರೆ. ಬೇರೆಯವರ ಕೈಲಿ ಮಾಡಿಸುವುದು ಅಂತ ಅರ್ಥ. ಹೆಸರು ಮರೆತುಹೋದರೂ ನಷ್ಟವಿಲ್ಲ.

ಹಂತ 1: ನಿಮ್ಮ ‘ಇಸು’ ಯಾವ ಜಾತಿಯದು ಅಂತ ನೋಡಿ

ಇದನ್ನು ಬಿಟ್ಟು ಸೀದಾ ಎರಡನೇ ಹಂತಕ್ಕೆ ಹಾರಬೇಡಿ. ಕನ್ನಡದ ಎಲ್ಲ ‘ಇಸು’ಗಳೂ ಒಂದೇ ಅಲ್ಲ.

‘ಪ್ರೀತಿಸು’, ‘ಯೋಚಿಸು’, ‘ಚಿಂತಿಸು’. ಇಲ್ಲಿ ಯಾರೂ ಯಾರ ಕೈಲೂ ಏನನ್ನೂ ಮಾಡಿಸುತ್ತಿಲ್ಲ. ನಾಮಪದವನ್ನು ಕ್ರಿಯಾಪದ ಮಾಡುವುದಕ್ಕೆ ಅಂಟಿಸಿದ ‘ಇಸು’ ಅದು. ಇವನ್ನು ಪಕ್ಕಕ್ಕಿಡಿ.

‘ತೋರಿಸು’, ‘ತಿನ್ನಿಸು’, ‘ಕಲಿಸು’, ‘ನೆನಪಿಸು’, ‘ಓಡಿಸು’. ಇವುಗಳಿಗೆ ಇಂಗ್ಲಿಷಿನಲ್ಲಿ ಸಿದ್ಧವಾದ ಒಂದೊಂದು ಪದ ಇದೆ: ಶೋ, ಫೀಡ್, ಟೀಚ್, ರಿಮೈಂಡ್, ಡ್ರೈವ್. ‘ಫೋಟೋ ತೋರಿಸಿದೆ’ ಅನ್ನುವುದಕ್ಕೆ ‘ಐ ಮೇಡ್ ಹಿಮ್ ಟು ಸೀ ದ ಫೋಟೋ’ ಅಂದರೆ ಕತ್ತು ಹಿಡಿದು ನೋಡಿಸಿದ ಹಾಗಾಗುತ್ತದೆ. ‘ಐ ಶೋಡ್ ಹಿಮ್ ದ ಫೋಟೋ’ ಸಾಕು. ‘ಮಗಳನ್ನು ಓದಿಸಿದೆ’ ಅನ್ನುವುದೂ ಇದೇ ಗುಂಪಿಗೆ ಸೇರುತ್ತದೆ. ಕಷ್ಟಪಟ್ಟು ಫೀಸು ಕಟ್ಟಿ ಓದಿಸಿದ್ದನ್ನು ‘ಐ ಪುಟ್ ಹರ್ ಥ್ರೂ ಕಾಲೇಜ್’ ಅನ್ನುತ್ತಾರೆ.

‘ನಗಿಸು’, ‘ಅಳಿಸು’, ‘ಕಾಯಿಸು’. ಇವಕ್ಕೆ ‘ಮೇಕ್’ ಬೇಕು. ‘ಶಿ ಮೇಡ್ ಮಿ ಲಾಫ್’, ‘ದೇ ಮೇಡ್ ಅಸ್ ವೇಟ್’. ನಡುವೆ ‘ಟು’ ಹಾಕಬೇಡಿ. ‘ಮೇಡ್ ಮಿ ಟು ಲಾಫ್’ ತಪ್ಪು, ನಮ್ಮವರು ಅತಿ ಹೆಚ್ಚು ಮಾಡುವ ತಪ್ಪೂ ಹೌದು. ತಮಾಷೆ ಏನೆಂದರೆ, ವಾಕ್ಯವನ್ನು ತಿರುಗಿಸಿ ‘ನಮ್ಮನ್ನು ಕಾಯಿಸಲಾಯಿತು’ ಅನ್ನುವ ಧಾಟಿಯಲ್ಲಿ ಹೇಳುವಾಗ ಅದೇ ‘ಟು’ ಬರಲೇಬೇಕು: ‘ವಿ ವರ್ ಮೇಡ್ ಟು ವೇಟ್’. ಯಾಕೆ ಹೀಗೆ ಅಂತ ಕೇಳಬೇಡಿ, ಎರಡನ್ನೂ ಹಾಗೇ ಬಾಯಿಪಾಠ ಮಾಡಿ.

ಉಳಿದದ್ದೇ ನಮಗೆ ಬೇಕಾದ ಗುಂಪು. ಹೊಲಿಸು, ಕಟಿಂಗ್ ಮಾಡಿಸು, ರಿಪೇರಿ ಮಾಡಿಸು, ಬಣ್ಣ ಹೊಡೆಸು, ಸಹಿ ಹಾಕಿಸು, ಜೆರಾಕ್ಸ್ ಮಾಡಿಸು. ಒಬ್ಬರಿಗೆ ಹೇಳಿ, ಸಾಮಾನ್ಯವಾಗಿ ದುಡ್ಡು ಕೊಟ್ಟು, ಮಾಡಿಸುವ ಕೆಲಸಗಳು.

ಹಂತ 2: ಪದಗಳನ್ನು ಜೋಡಿಸಿ

ಸೂತ್ರ ಇಷ್ಟೇ: ಮಾಡಿಸಿದವರು, ಆಮೇಲೆ ‘ಹ್ಯಾವ್’ ಅಥವಾ ‘ಗೆಟ್’, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ.

‘ಐ ಹ್ಯಾಡ್ ಮೈ ಹೇರ್ ಕಟ್.’ ಕೂದಲು ಕತ್ತರಿಸಿಕೊಂಡೆ, ಅಂದರೆ ಕಟಿಂಗ್ ಮಾಡಿಸಿದೆ.
‘ವಿ ಹ್ಯಾಡ್ ದ ಹೌಸ್ ಪೇಂಟೆಡ್.’ ಮನೆಗೆ ಪೇಂಟ್ ಮಾಡಿಸಿದೆವು.
‘ಐ ಗಾಟ್ ಮೈ ಬೈಕ್ ಸರ್ವಿಸ್ಡ್.’ ಬೈಕ್ ಸರ್ವಿಸ್ ಮಾಡಿಸಿದೆ.
‘ಶಿ ಹ್ಯಾಡ್ ಹರ್ ಫೋಟೋ ಟೇಕನ್.’ ಫೋಟೋ ತೆಗೆಸಿಕೊಂಡಳು.

ವಸ್ತು ನಡುವೆ ಬರಬೇಕು. ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಡುತ್ತೇನೆ ಅನ್ನುವವರು ಇದನ್ನೇ ಇಟ್ಟುಕೊಳ್ಳಿ. ಯಾಕೆ ಅಂತ ಈ ಎರಡು ವಾಕ್ಯ ನೋಡಿ:

‘ಐ ಹ್ಯಾಡ್ ಮೈ ಹೇರ್ ಕಟ್.’
‘ಐ ಹ್ಯಾಡ್ ಕಟ್ ಮೈ ಹೇರ್.’

ಪದಗಳು ಅವೇ ಐದು. ಮೊದಲನೆಯದರಲ್ಲಿ ಕತ್ತರಿ ಸಲೂನಿನವನ ಕೈಯಲ್ಲಿದೆ. ಎರಡನೆಯದರಲ್ಲಿ ಕತ್ತರಿ ನಿಮ್ಮ ಕೈಗೇ ಬಂತು, ಅದೂ ಯಾವುದೋ ಹಿಂದಿನ ಘಟನೆಗಿಂತ ಮೊದಲೇ, ‘ಕತ್ತರಿಸಿಕೊಂಡಿದ್ದೆ’ ಅನ್ನುವ ಕಾಲದಲ್ಲಿ. ‘ಕಟ್’ ಅನ್ನುವ ಪದಕ್ಕೆ ಮೂರೂ ರೂಪ ಒಂದೇ ಆಗಿರುವುದರಿಂದ ಜಾಸ್ತಿ ಗೊಂದಲ. ಅದಕ್ಕೇ ಅಭ್ಯಾಸ ಶುರು ಮಾಡುವಾಗ ‘ಟೇಕನ್’, ‘ಸ್ಟೋಲನ್’, ‘ರಿಟನ್’ ತರಹ ಮೂರನೇ ರೂಪ ಬೇರೆಯಾಗಿಯೇ ಕಾಣುವ ಪದ ತೆಗೆದುಕೊಳ್ಳಿ. ಎಲ್ಲ ಪಾಠಪುಸ್ತಕಗಳೂ ಕೂದಲಿನಿಂದಲೇ ಯಾಕೆ ಶುರು ಮಾಡುತ್ತವೋ, ನನಗಂತೂ ಅದು ಕೆಟ್ಟ ಆಯ್ಕೆ.

ಕೇಳುವಾಗ ಹಿಡಿಯುವುದಕ್ಕೂ ಒಂದು ದಾರಿ ಇದೆ. ನಮ್ಮ ಸೂತ್ರದ ‘ಹ್ಯಾಡ್’ ಮುಖ್ಯ ಕ್ರಿಯಾಪದ, ಹಾಗಾಗಿ ಅದನ್ನು ಪೂರ್ತಿ ಉಚ್ಚರಿಸುತ್ತಾರೆ. ಎರಡನೇ ವಾಕ್ಯದ್ದು ಸಹಾಯಕ, ಅದನ್ನು ಮಾತಿನಲ್ಲಿ ನುಂಗಿ ‘ಐಡ್ ಕಟ್ ಮೈ ಹೇರ್’ ಅನ್ನುತ್ತಾರೆ. ‘ಐಡ್’ ಅಂತ ಕೇಳಿಸಿದರೆ ಅದು ‘ಮಾಡಿಸಿದೆ’ ಅಲ್ಲ. ನೀವು ಮಾತಾಡುವಾಗಲೂ ‘ಐಡ್ ಮೈ ಹೇರ್ ಕಟ್’ ಅಂತ ಚಿಕ್ಕದು ಮಾಡಬೇಡಿ.

ಇನ್ನೊಂದು, ‘ಮೈ’ ಬಿಡಬೇಡಿ. ಕನ್ನಡದಲ್ಲಿ ‘ನನ್ನ ಕೂದಲು ಕತ್ತರಿಸಿಕೊಂಡೆ’ ಅಂತ ಯಾರು ಹೇಳುತ್ತಾರೆ? ಸುಮ್ನೆ ‘ಕತ್ತರಿಸಿಕೊಂಡೆ’ ಅಂದರೆ ಆಯಿತು, ಆ ‘ಕೊಂಡೆ’ಯೇ ಕೂದಲು ಯಾರದು ಅಂತ ಹೇಳಿಬಿಡುತ್ತದೆ. ಇಂಗ್ಲಿಷಿಗೆ ‘ಕೊಳ್ಳು’ ಇಲ್ಲ. ಅದರ ಕೆಲಸವನ್ನು ‘ಮೈ’, ‘ಹರ್’, ‘ಅವರ್’ ಮಾಡುತ್ತವೆ. ‘ಐ ಹ್ಯಾಡ್ ಹೇರ್ ಕಟ್’ ಅಂದರೆ ಯಾರ ಕೂದಲೋ ಏನೋ.

ಹಂತ 3: ‘ಹ್ಯಾವ್’ ಹಾಕಬೇಕಾ, ‘ಗೆಟ್’ ಹಾಕಬೇಕಾ?

ಹೆಚ್ಚಿನ ಕಡೆ ಯಾವುದು ಹಾಕಿದರೂ ನಡೆಯುತ್ತದೆ. ‘ಗೆಟ್’ ಮಾತಿನದು, ಸಲುಗೆಯದು. ‘ಹ್ಯಾವ್’ ತುಸು ಗಂಭೀರ, ಬರವಣಿಗೆಗೆ ಒಪ್ಪುತ್ತದೆ. ಆಫೀಸಿನ ಮೇಲ್‌ಗೆ ‘ಹ್ಯಾವ್’, ಗೆಳೆಯನ ವಾಟ್ಸಾಪ್‌ಗೆ ‘ಗೆಟ್’ ಅಂತ ಇಟ್ಟುಕೊಂಡರೆ ಎಡವುವುದಿಲ್ಲ. ಮಾಡಿ ಮುಗಿಸಬೇಕಾದ ಓಡಾಟದ ಕೆಲಸಗಳಿಗೆ, ಅಂದರೆ ಪಾಸ್‌ಪೋರ್ಟ್ ರಿನ್ಯೂ ಮಾಡಿಸಬೇಕು, ಫಾರ್ಮಿಗೆ ಸಹಿ ಹಾಕಿಸಬೇಕು ಅನ್ನುವಂಥವಕ್ಕೆ ‘ಗೆಟ್’ ಸಹಜವಾಗಿ ಬರುತ್ತದೆ: ‘ಐ ನೀಡ್ ಟು ಗೆಟ್ ಮೈ ಪಾಸ್‌ಪೋರ್ಟ್ ರಿನ್ಯೂಡ್’, ‘ಗೆಟ್ ದಿಸ್ ಫಾರ್ಮ್ ಸೈನ್ಡ್’.

ಒಂದು ಗುಂಡಿ ಇದೆ, ನೋಡಿಕೊಂಡು ಹೋಗಿ. ‘ಗೆಟ್’ಗೆ ಎರಡು ಮುಖ. ‘ಐ ಗಾಟ್ ದ ಡಿಶಸ್ ವಾಶ್ಡ್ ಬೈ ಎಯ್ಟ್’ ಅಂದರೆ ಯಾರ ಕೈಲೋ ತೊಳೆಸಿದೆ ಅಂತಲೂ ಆಗಬಹುದು, ಎಂಟು ಗಂಟೆಯೊಳಗೆ ನಾನೇ ಪಾತ್ರೆ ತೊಳೆದು ಮುಗಿಸಿದೆ ಅಂತಲೂ ಆಗಬಹುದು. ‘ಗೆಟ್ ಇಟ್ ಡನ್’ ಅನ್ನುವುದರಲ್ಲಿ ಮುಖ್ಯವಾಗುವುದು ಕೆಲಸ ಮುಗಿಯುವುದು, ಯಾರು ಮಾಡಿದರು ಅನ್ನುವುದಲ್ಲ. ‘ಬೇರೆಯವರ ಕೈಲಿ ಮಾಡಿಸಿದೆ’ ಅನ್ನುವುದು ಸ್ಪಷ್ಟವಾಗಿ ಕೇಳಬೇಕಾದರೆ ‘ಹ್ಯಾವ್’ ವಾಸಿ.

ಹಂತ 4: ಕಾಲ, ಪ್ರಶ್ನೆ, ಇಲ್ಲ

ಕಾಲ ಬದಲಾದಾಗ ‘ಹ್ಯಾವ್’ ಅಥವಾ ‘ಗೆಟ್’ ಮಾತ್ರ ಬದಲಾಗುತ್ತದೆ. ಬಾಲದಲ್ಲಿರುವ ಮೂರನೇ ರೂಪ ಅಲ್ಲಾಡುವುದಿಲ್ಲ. ‘ವಿಲ್ ಹ್ಯಾವ್ ಇಟ್ ಪೇಂಟೆಡ್’, ‘ಹ್ಯಾಡ್ ಇಟ್ ಪೇಂಟೆಡ್’, ‘ಆರ್ ಹ್ಯಾವಿಂಗ್ ಇಟ್ ಪೇಂಟೆಡ್’.

ಕೊನೆಯದನ್ನು ಕಂಡು ಕೆಲವರು ಹಿಂಜರಿಯುತ್ತಾರೆ. ‘ಹ್ಯಾವಿಂಗ್ ತಪ್ಪು ಅಂತ ಮೇಷ್ಟ್ರು ಹೇಳಿದ್ರಲ್ಲಾ?’ ಮೇಷ್ಟ್ರು ಹೇಳಿದ್ದು ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’ ತಪ್ಪು ಅಂತ, ಅದು ನಿಜ, ಯಾಕೆಂದರೆ ಅಲ್ಲಿ ‘ಹ್ಯಾವ್’ ಅಂದರೆ ‘ಇದ್ದಾರೆ’. ಇಲ್ಲಿ ‘ಹ್ಯಾವ್’ ಅಂದರೆ ‘ಮಾಡಿಸು’. ‘ವಿ ಆರ್ ಹ್ಯಾವಿಂಗ್ ದ ಕಿಚನ್ ರೀಡನ್’, ಅಡುಗೆಮನೆ ಹೊಸದಾಗಿ ಮಾಡಿಸುತ್ತಿದ್ದೇವೆ, ಶುದ್ಧ ಇಂಗ್ಲಿಷ್.

ಪ್ರಶ್ನೆಗೂ ನಿಷೇಧಕ್ಕೂ ‘ಡು’, ‘ಡಿಡ್’ ಕರೆಯಬೇಕು. ‘ವೇರ್ ಡು ಯೂ ಗೆಟ್ ಯುವರ್ ಬ್ಲೌಸಸ್ ಸ್ಟಿಚ್ಡ್?’ ‘ಐ ಡಿಡಂಟ್ ಹ್ಯಾವ್ ಇಟ್ ಪೇಂಟೆಡ್.’ ‘ಐ ಹ್ಯಾಡಂಟ್ ಇಟ್ ಪೇಂಟೆಡ್’ ಅಲ್ಲ. ಅಂದಹಾಗೆ ‘ಸ್ಟಿಚ್ಡ್’ ನಮ್ಮ ಕಡೆಯ ಬಳಕೆ. ಲಂಡನ್ನಿನಲ್ಲೋ ಡಲ್ಲಾಸಿನಲ್ಲೋ ಇರುವವರು ಬಟ್ಟೆಗೆ ‘ಮೇಡ್’ ಅನ್ನಿ: ‘ಐ ಹ್ಯಾಡ್ ಎ ಸೂಟ್ ಮೇಡ್’. ಅಲ್ಲಿನವರಿಗೆ ‘ಸ್ಟಿಚಸ್’ ಅಂದ ಕೂಡಲೇ ಗಾಯಕ್ಕೆ ಹಾಕಿದ ಹೊಲಿಗೆಯೂ ನೆನಪಾಗುತ್ತದೆ.

‘ಹ್ಯಾವ್ ಯೂ ಹ್ಯಾಡ್ ಯುವರ್ ಐಸ್ ಟೆಸ್ಟೆಡ್?’ ಇದರಲ್ಲಿ ಎರಡೆರಡು ಸಲ ಯಾಕೆ ಬಂತು ಅಂದರೆ, ಮೊದಲನೆಯ ‘ಹ್ಯಾವ್’ ಕಾಲ ತೋರಿಸುವುದಕ್ಕೆ, ಎರಡನೆಯ ‘ಹ್ಯಾಡ್’ ನಮ್ಮ ‘ಇಸು’. ‘ಕಣ್ಣು ಟೆಸ್ಟ್ ಮಾಡಿಸಿದ್ದೀರಾ?’ ಅನ್ನುವುದರ ‘ಇದ್ದೀರಾ’ ಒಂದು, ‘ಇಸಿ’ ಇನ್ನೊಂದು, ಅಷ್ಟೇ.

ಹಂತ 5: ಯಾರ ಕೈಲಿ ಮಾಡಿಸಿದಿರಿ?

ಸಾಮಾನ್ಯವಾಗಿ ಹೇಳುವುದೇ ಬೇಡ. ಕೂದಲು ಅಂದ ಮೇಲೆ ಸಲೂನಿನವನು, ಬೈಕ್ ಅಂದ ಮೇಲೆ ಮೆಕ್ಯಾನಿಕ್. ಹೇಳಲೇಬೇಕಾದರೆ ವ್ಯಕ್ತಿಗೆ ‘ಬೈ’, ಅಂಗಡಿಗೆ ‘ಆ್ಯಟ್’. ‘ಐ ಹ್ಯಾಡ್ ಇಟ್ ಚೆಕ್ಡ್ ಬೈ ಎ ಗುಡ್ ಮೆಕ್ಯಾನಿಕ್.’ ‘ಫ್ರಮ್ ದ ಮೆಕ್ಯಾನಿಕ್’ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ, ನಮಗೆ ಅರ್ಥವೂ ಆಗುತ್ತದೆ, ‘ಮೆಕ್ಯಾನಿಕ್‌ನಿಂದ’ ಅನ್ನುವುದರ ನೆರಳು ಅದು. ಹೊರಗಿನವರ ಕಿವಿಗೆ ಮಾತ್ರ ಮೆಕ್ಯಾನಿಕ್‌ನಿಂದ ಏನನ್ನೋ ಇಸಿದುಕೊಂಡ ಹಾಗೆ ಕೇಳುತ್ತದೆ.

ಮನುಷ್ಯನನ್ನೇ ಮುಂದಕ್ಕೆ ತಂದರೆ ಸೂತ್ರ ಬದಲಾಗುತ್ತದೆ. ಇಲ್ಲಿ ನಿಧಾನವಾಗಿ ಓದಿ, ಮೂರೂ ಹತ್ತಿರ ಹತ್ತಿರ ಕಂಡರೂ ಭಾವ ಬೇರೆ.

‘ಐ ಹ್ಯಾಡ್ ದ ಎಲೆಕ್ಟ್ರಿಷಿಯನ್ ಚೆಕ್ ದ ವೈರಿಂಗ್.’ ಹೇಳಿದೆ, ಅವನು ಮಾಡಿದ, ಅದು ಅವನ ಕೆಲಸ. ‘ಟು’ ಇಲ್ಲ.
‘ಐ ಗಾಟ್ ದ ಎಲೆಕ್ಟ್ರಿಷಿಯನ್ ಟು ಕಮ್ ಆನ್ ಸಂಡೇ.’ ಭಾನುವಾರ ಬರಲ್ಲ ಅಂದವನನ್ನು ಹೇಗೋ ಒಪ್ಪಿಸಿ ಬರಿಸಿದೆ. ‘ಟು’ ಬೇಕು.
‘ಐ ಮೇಡ್ ದ ಎಲೆಕ್ಟ್ರಿಷಿಯನ್ ಡು ಇಟ್ ಅಗೇನ್.’ ಬಿಡದೆ ಪಟ್ಟು ಹಿಡಿದು ಮತ್ತೆ ಮಾಡಿಸಿದೆ. ‘ಟು’ ಇಲ್ಲ.

ಕನ್ನಡದ ‘ಮಾಡಿಸಿದೆ’ ಈ ಮೂರನ್ನೂ ಒಂದೇ ಬುಟ್ಟಿಯಲ್ಲಿ ಹೊರುತ್ತದೆ. ಇಂಗ್ಲಿಷ್ ಬಿಡಿಸಿ ಇಡುತ್ತದೆ. ನಮ್ಮವರು ಎಲ್ಲದಕ್ಕೂ ‘ಮೇಡ್’ ಹಾಕುವುದರಿಂದ ಸುಮ್ನೆ ಜಬರದಸ್ತು ಮಾಡಿದವರ ಹಾಗೆ ಕೇಳಿಸುತ್ತಾರೆ. ‘ಐ ಮೇಡ್ ಮೈ ಟೀಮ್ ಫಿನಿಷ್ ದ ರಿಪೋರ್ಟ್’ ಅಂತ ಮ್ಯಾನೇಜರಿಗೆ ಬರೆಯುವ ಮೊದಲು ಒಮ್ಮೆ ಯೋಚಿಸಿ.

ಈ ಮೂರರಲ್ಲಿ ಮೊದಲನೆಯದು, ‘ಹ್ಯಾವ್’ ಇರುವುದು, ಅಮೆರಿಕದ ಇಂಗ್ಲಿಷಿನಲ್ಲಿ ಹೆಚ್ಚು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ಐ ವಿಲ್ ಹ್ಯಾವ್ ಸಮ್‌ವನ್ ಕಾಲ್ ಯೂ ಬ್ಯಾಕ್’ ಅನ್ನುತ್ತಾರಲ್ಲ, ಅದೇ ಇದು. ಆದರೆ ಯಾರಿಗೆ ಬಳಸುತ್ತೀರಿ ನೋಡಿಕೊಳ್ಳಿ. ‘ಐ ಹ್ಯಾಡ್ ಮೈ ಮದರ್-ಇನ್-ಲಾ ಮೇಕ್ ಕಾಫಿ’ ವ್ಯಾಕರಣದಲ್ಲಿ ಸರಿ, ಮರ್ಯಾದೆಯಲ್ಲಿ ಅಲ್ಲ. ‘ಅತ್ತೆ ಕೈಲಿ ಕಾಫಿ ಮಾಡಿಸಿದೆ’ ಅಂತ ನಾಲ್ಕು ಜನರೆದುರು ಅಂದು ನೋಡಿ, ಮುಖಗಳು ಹೇಗಾಗುತ್ತವೆ! ಕನ್ನಡದ ಕಿವಿ ಬೇಕು ಅಂದದ್ದು ಇದಕ್ಕೇ. ಕನ್ನಡದಲ್ಲಿ ‘ಇಸು’ ಒರಟಾಗಿ ಕೇಳಿದರೆ ಇಂಗ್ಲಿಷಿನಲ್ಲೂ ‘ಹ್ಯಾವ್’ ಬೇಡ, ‘ಆಸ್ಕ್’ ಹಾಕಿ: ‘ಐ ಆಸ್ಕ್ಡ್ ಹರ್ ಟು ಮೇಕ್ ಕಾಫಿ’.

ಹಂತ 6: ಬೇಡದಿದ್ದರೂ ಆದದ್ದು

‘ಐ ಹ್ಯಾಡ್ ಮೈ ಫೋನ್ ಸ್ಟೋಲನ್.’ ಸೂತ್ರ ಅದೇ. ಹಾಗಾದರೆ ‘ಫೋನ್ ಕದಿಸಿದೆ’ ಅಂತಲಾ? ಅದು ಪೊಲೀಸರ ಮುಂದೆ ತಪ್ಪೊಪ್ಪಿಗೆ ಆಗುತ್ತದೆ. ಇಲ್ಲಿ ಅರ್ಥ ‘ನನ್ನ ಫೋನ್ ಕಳ್ಳತನ ಆಯಿತು’ ಅಂತ. ನಾನು ಹೇಳಿ ಮಾಡಿಸಿದ್ದಲ್ಲ, ನನಗೆ ಆದದ್ದು. ‘ದೇ ಹ್ಯಾಡ್ ದೇರ್ ಕಾರ್ ಬ್ರೋಕನ್ ಇಂಟು’ ಅಂದರೂ ಹಾಗೆಯೇ: ಯಾರೋ ಅವರ ಕಾರನ್ನು ಒಡೆದು ಒಳಗೆ ನುಗ್ಗಿದ್ದಾರೆ.

ಒಂದೇ ಸೂತ್ರಕ್ಕೆ ಇಷ್ಟು ವಿರುದ್ಧ ಅರ್ಥ ಹೇಗೆ ಅಂತ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲೇ ಇದೆ, ನೋಡಿ. ‘ಬ್ಲೌಸ್ ಹೊಲಿಸಿಕೊಂಡೆ.’ ‘ಬಾಸ್ ಕೈಲಿ ಬೈಸಿಕೊಂಡೆ.’ ಎರಡರಲ್ಲೂ ‘ಇಸಿಕೊಂಡೆ’. ಹೊಲಿಸಿಕೊಂಡದ್ದು ಆಸೆಪಟ್ಟು, ಬೈಸಿಕೊಂಡದ್ದು ಗ್ರಹಚಾರ. ‘ನಾಯಿ ಕೈಲಿ ಕಚ್ಚಿಸಿಕೊಂಡೆ’ ಅಂದರೆ ನಾಯಿಗೆ ಹೇಳಿ ಕಚ್ಚಿಸಿದಿರಿ ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ? ಯಾವುದು ಬೇಕಂತ ಆದದ್ದು, ಯಾವುದು ತಲೆಗೆ ಬಂದು ಬಿದ್ದದ್ದು ಅಂತ ಕೆಲಸವೇ ಹೇಳುತ್ತದೆ. ಇಂಗ್ಲಿಷಿನವರೂ ಹಾಗೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಪೆಟ್ಟು ಬಿದ್ದದ್ದು ನಿಮ್ಮ ವಸ್ತುವಿಗೋ ಅಂಗಕ್ಕೋ ಆದರೆ ನಮ್ಮ ಸೂತ್ರ. ಸೀದಾ ನಿಮಗೇ ಆದರೆ ನಡುವಿನ ವಸ್ತು ಇಲ್ಲದೆ ಬರೀ ‘ಗೆಟ್’: ‘ಐ ಗಾಟ್ ಬಿಟನ್ ಬೈ ಎ ಡಾಗ್’, ‘ಐ ಗಾಟ್ ಟೋಲ್ಡ್ ಆಫ್’. ಎರಡನೆಯದೇ ನಮ್ಮ ‘ಬೈಸಿಕೊಂಡೆ’.

ಹಂತ 7: ಸೂತ್ರವನ್ನು ಬಿಡಬೇಕಾದ ಕಡೆ ಬಿಡಿ

ಹೊಸದಾಗಿ ಕಲಿತವರು ಎಲ್ಲ ಕಡೆ ಇದನ್ನೇ ತುರುಕುತ್ತಾರೆ. ಬೇಡ. ಕೆಲಸಕ್ಕೆ ಒಂದು ನಾಮಪದ ಇದ್ದರೆ ಅದನ್ನೇ ಹಿಡಿಯಿರಿ, ಸುಲಭ: ‘ಐ ಗಾಟ್ ಎ ಹೇರ್‌ಕಟ್’, ‘ಐ ಹ್ಯಾಡ್ ಎ ಬ್ಲಡ್ ಟೆಸ್ಟ್’, ‘ಮೈ ಫಾದರ್ ಹ್ಯಾಡ್ ಆ್ಯನ್ ಆಪರೇಷನ್’. ಶುರುವಿನಲ್ಲಿ ಹೇಳಿದ ಕಣ್ಣಿನ ಆಪರೇಷನ್ನಿಗೂ ಇದೇ ಮದ್ದು: ‘ಐ ಹ್ಯಾಡ್ ಆ್ಯನ್ ಐ ಆಪರೇಷನ್’.

‘ಡಾಕ್ಟರಿಗೆ ತೋರಿಸಿದೆ’ ಅನ್ನುವುದಕ್ಕೆ ‘ಐ ಶೋಡ್ ಟು ದ ಡಾಕ್ಟರ್’ ಅನ್ನಬೇಡಿ. ‘ಐ ಸಾ ಎ ಡಾಕ್ಟರ್ ಅಬೌಟ್ ಇಟ್’ ಅನ್ನಿ, ಇಲ್ಲವೇ ನಮ್ಮ ಸೂತ್ರದಲ್ಲೇ ‘ಐ ಹ್ಯಾಡ್ ಇಟ್ ಲುಕ್ಡ್ ಆ್ಯಟ್’. ‘ಯೂ ಶುಡ್ ಗೆಟ್ ದಟ್ ಲುಕ್ಡ್ ಆ್ಯಟ್’ ಅಂತ ಯಾರಾದರೂ ನಿಮ್ಮ ಕೆಮ್ಮು ಕೇಳಿ ಅಂದರೆ ‘ಒಮ್ಮೆ ಡಾಕ್ಟರಿಗೆ ತೋರಿಸ್ರೀ’ ಅಂತ ಅರ್ಥ. ಕಾರಿನಿಂದ ವಿಚಿತ್ರ ಸದ್ದು ಬಂದರೂ ಇದೇ ಮಾತು.

ಇಂಗ್ಲಿಷಿನವರೂ ಎಷ್ಟೋ ಸಲ ‘ಇಸು’ ನುಂಗಿಬಿಡುತ್ತಾರೆ. ‘ವಿ ಆರ್ ಬಿಲ್ಡಿಂಗ್ ಎ ಹೌಸ್’ ಅಂದವರು ಇಟ್ಟಿಗೆ ಹೊರುತ್ತಿಲ್ಲ. ‘ಶಿ ಕಟ್ ಹರ್ ಹೇರ್’ ಅಂತಲೂ, ಸಲೂನಿಗೆ ಹೋಗಿ ಬಂದವಳ ಬಗ್ಗೆಯೇ, ಮಾತಿನಲ್ಲಿ ಕೇಳಸಿಗುತ್ತದೆ. ನಮ್ಮ ಗಾದೆ ಏನು ಹೇಳುತ್ತದೆ? ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು.’ ಕಟ್ಟಿಸಿ ಅಂದಿಲ್ಲ, ಮಾಡಿಸಿ ಅಂದಿಲ್ಲ, ಆದರೂ ಗಾರೆ ಕೆಲಸ ಯಾರು ಮಾಡಿದರು ಅಂತ ಯಾರೂ ಕೇಳುವುದಿಲ್ಲ. ಮೈಸೂರು ಅರಮನೆಯನ್ನೇ ತೆಗೆದುಕೊಳ್ಳಿ. 1897ರಲ್ಲಿ ಹಳೆಯದು ಬೆಂಕಿಗೆ ಸಿಕ್ಕಿ ಹೋದ ಮೇಲೆ ಒಡೆಯರ ಮನೆತನ ಈಗಿನದನ್ನು ಕಟ್ಟಿಸಿತು, 1912ರಲ್ಲಿ ಕೆಲಸ ಮುಗಿಯಿತು. ‘ದ ಒಡೆಯರ್ಸ್ ಬಿಲ್ಟ್ ದ ಪ್ಯಾಲೇಸ್’ ಅಂದರೂ ಸರಿ, ‘ಹ್ಯಾಡ್ ದ ಪ್ಯಾಲೇಸ್ ಬಿಲ್ಟ್’ ಅಂದರೂ ಸರಿ. ನಕ್ಷೆ ಹಾಕಿದ ಹೆನ್ರಿ ಇರ್ವಿನ್ ಹೆಸರನ್ನೂ ವಾಕ್ಯದೊಳಗೆ ತರಬೇಕು ಅಂದಾಗ ಎರಡನೆಯದು ಅನುಕೂಲ: ‘ದೇ ಹ್ಯಾಡ್ ದ ಪ್ಯಾಲೇಸ್ ಡಿಸೈನ್ಡ್ ಬೈ ಹೆನ್ರಿ ಇರ್ವಿನ್’.

ಹಂತ 8: ಈ ವಾರದ ಲೆಕ್ಕ

ಪುಸ್ತಕದ ಅಭ್ಯಾಸ ಬೇಡ. ಕಳೆದ ಏಳು ದಿನಗಳಲ್ಲಿ ನೀವು ದುಡ್ಡು ಕೊಟ್ಟೋ ಹೇಳಿಯೋ ಮಾಡಿಸಿದ ಆರು ಕೆಲಸ ಕನ್ನಡದಲ್ಲಿ ಬರೆದುಕೊಳ್ಳಿ. ಪ್ರತಿಯೊಂದರ ‘ಇಸು’ವಿನ ಕೆಳಗೆ ಗೆರೆ ಎಳೆಯಿರಿ, ಮೊದಲ ಹಂತದ ಯಾವ ಗುಂಪು ಅಂತ ನೋಡಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಬರೆದದ್ದನ್ನು ಜೋರಾಗಿ ಓದಿ, ವಸ್ತು ನಡುವೆ ಬಂದಿದೆಯಾ ಅಂತ ಬೆರಳಿಟ್ಟು ನೋಡಿ. ಮಾದರಿಗೆ ನನ್ನ ಪಟ್ಟಿಯಿಂದ ನಾಲ್ಕು:

ಗ್ಯಾಸ್ ಸ್ಟವ್ ರಿಪೇರಿ ಮಾಡಿಸಿದೆ. ‘ಐ ಗಾಟ್ ದ ಸ್ಟವ್ ಫಿಕ್ಸ್ಡ್.’
ಆಧಾರ್ ಜೆರಾಕ್ಸ್ ಮಾಡಿಸಿದೆ. ‘ಐ ಗಾಟ್ ಮೈ ಆಧಾರ್ ಕಾರ್ಡ್ ಫೋಟೋಕಾಪೀಡ್.’
ಪಕ್ಕದ ಮನೆಯವರ ಮಗುವಿಗೆ ಊಟ ಮಾಡಿಸಿದೆ. ‘ಐ ಫೆಡ್ ದ ನೇಬರ್ಸ್ ಚೈಲ್ಡ್.’ ‘ಮಾಡಿಸಿದೆ’ ಅಂತ ಇದ್ದರೂ ಇದು ‘ಹ್ಯಾವ್’, ‘ಗೆಟ್’ ಬೇಡದ ಎರಡನೇ ಗುಂಪು.
ಕನ್ನಡಕ ಮಾಡಿಸಿದೆ. ಇದಕ್ಕೆ ‘ಐ ಹ್ಯಾಡ್ ಗ್ಲಾಸಸ್ ಮೇಡ್’ ಅಂತ ಬರೆದು ನಾನೇ ಹೊಡೆದುಹಾಕಿದೆ. ಯಾರೂ ಹಾಗೆ ಹೇಳುವುದು ಕೇಳಿಲ್ಲ. ‘ಐ ಗಾಟ್ ನ್ಯೂ ಗ್ಲಾಸಸ್’, ಅಷ್ಟೇ.